ನಾಣ್ಯವನ್ನು ಕಾಯುವ ಹಾಳೆ

ನಾಣ್ಯಸಂಗ್ರಹದ ಹವ್ಯಾಸದಲ್ಲಿ ನಾಣ್ಯವನ್ನು ಹುಡುಕುವುದಕ್ಕೆ, ಅದರ ಮೇಲಿನ ಬರಹವನ್ನು ಓದುವುದಕ್ಕೆ, ಅದು ಯಾವ ಟಂಕಸಾಲೆಯದೆಂದು ಗುರುತಿಸುವುದಕ್ಕೆ ಸಲ್ಲುವ ಗಮನದ ಹತ್ತರಲ್ಲೊಂದು ಪಾಲೂ ಅದನ್ನು ಇರಿಸುವ ಹಾಳೆಗೆ ಸಲ್ಲುವುದಿಲ್ಲ. ಶತಮಾನಗಳ ಕಾಲ ಮಣ್ಣಿನಲ್ಲಿ ಹುದುಗಿದ್ದೂ ಉಳಿದುಬಂದ ತಾಮ್ರದ ಕಾಸೊಂದು ಸಂಗ್ರಾಹಕನ ಕೈಸೇರಿ, ನೋಡಲು ಅಚ್ಚುಕಟ್ಟಾದ ಆಲ್ಬಮ್ಮಿನಲ್ಲಿ ಕೂತ ಕೆಲವೇ ವರ್ಷಗಳಲ್ಲಿ ಹಸಿರುಗಟ್ಟಿ ಹಾಳಾಗುವುದುಂಟು. ಹಾಗಾದಾಗ ಮಳೆಗಾಲದ ಥಂಡಿಯನ್ನೋ ನಾಣ್ಯದ ಹಳಮೆಯನ್ನೋ ದೂರುವುದು ವಾಡಿಕೆ. ಆದರೆ ಅನೇಕ ಸಲ ಆ ಕೇಡು ಹುಟ್ಟುವುದು ನಾಣ್ಯವನ್ನು ಎರಡೂ ಕಡೆಯಿಂದ ಮುಟ್ಟಿಕೊಂಡೇ ಇರುವ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ. ಹೊಸದಾಗಿ ಸಂಗ್ರಹ ಆರಂಭಿಸುವವರು ನಾಣ್ಯದ ಬೆಲೆಯನ್ನು ವಿಚಾರಿಸುವಷ್ಟೇ ಗಂಭೀರವಾಗಿ ಹಾಳೆಯ ಕುಲಗೋತ್ರವನ್ನೂ ವಿಚಾರಿಸಬೇಕೆಂಬುದೇ ಈ ಭಾಷಣದ ಆಶಯ.

ಇಲ್ಲಿ ಹಾಳೆ ಎಂದರೆ ಸಾಲು ಸಾಲಾಗಿ ಜೇಬುಗಳನ್ನು ಹೊಲಿದಂತೆ ಬೆಸೆದಿರುವ, ಆಲ್ಬಮ್ಮಿನ ಕೊಂಡಿಗೆ ಸಿಕ್ಕಿಸಲು ಅಂಚಿನಲ್ಲಿ ತೂತುಗಳಿರುವ ತೆಳುವಾದ ಪ್ಲಾಸ್ಟಿಕ್ ಹಾಳೆ. ಕೆಲವು ಹಾಳೆಗಳಲ್ಲಿ ನಾಣ್ಯವನ್ನು ನೇರವಾಗಿ ಜೇಬಿಗೆ ಇಳಿಸುತ್ತಾರೆ. ಇನ್ನು ಕೆಲವು ಎರಡು ಅಂಗುಲ ಚೌಕದ ರಟ್ಟಿನ ಚೌಕಟ್ಟುಗಳಿಗೆಂದೇ ಮಾಡಿದವು, ಅವುಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ಜೇಬುಗಳಿರುತ್ತವೆ. ಇವೆಲ್ಲವೂ ಅಂಗಡಿಯಲ್ಲಿ ಒಂದೇ ಹೆಸರಿನಲ್ಲಿ, ಸರಿಸುಮಾರು ಒಂದೇ ರೂಪದಲ್ಲಿ ಸಿಗುವುದರಿಂದ ಕೊಳ್ಳುವವರ ಕಣ್ಣಿಗೆ ಎಲ್ಲವೂ ಒಂದೇ ಎನಿಸುತ್ತದೆ. ಪ್ಲಾಸ್ಟಿಕ್ ಎಂಬುದಾದರೋ ಒಂದು ವಸ್ತುವಿನ ಹೆಸರಲ್ಲ. ಮರ ಎಂಬ ಮಾತಿನಲ್ಲಿ ತೇಗವೂ ನುಗ್ಗೆಯೂ ಅಡಗಿರುವಂತೆ, ಆ ಮಾತಿನಲ್ಲಿ ಸ್ವಭಾವದಿಂದ ತೀರ ಭಿನ್ನವಾದ ಹತ್ತಾರು ವಸ್ತುಗಳು ಅಡಗಿವೆ.

ನಾಣ್ಯಗಳಿಗೆ ಮುಖ್ಯ ಶತ್ರುವಾದುದು ಪಾಲಿವಿನೈಲ್ ಕ್ಲೋರೈಡ್, ಅಂದರೆ ಎಲ್ಲರೂ ಪಿವಿಸಿ ಎಂದು ಕರೆಯುವ ಪ್ಲಾಸ್ಟಿಕ್. ನೀರಿನ ಕೊಳವೆಗಳಲ್ಲಿ ಕಾಣುವಂತೆ ಇದು ಮೂಲತಃ ಗಡುಸಾದ ವಸ್ತು. ಅದನ್ನು ಬಾಗುವ, ಮಡಚಬಹುದಾದ, ಕೈಗೆ ಹಿತವೆನಿಸುವ ಹಾಳೆಯಾಗಿ ಮಾಡಬೇಕಾದರೆ ಅದರೊಳಗೆ ಎಣ್ಣೆಯಂಥ ದ್ರವವೊಂದನ್ನು ಬೆರೆಸಬೇಕು. ಇದಕ್ಕೆ ಮೆದುಕಾರಕ ಎನ್ನಬಹುದು. ಥ್ಯಾಲೇಟ್ ಎಂಬ ಜಾತಿಯ ರಾಸಾಯನಿಕಗಳು ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿವೆ, ಮತ್ತು ಮೆದುವಾದ ಹಾಳೆಯ ತೂಕದ ಮೂರನೆಯ ಒಂದು ಪಾಲಿನಷ್ಟು ಈ ದ್ರವವೇ ಇರುವುದು ಅಪರೂಪವಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಮೆದುಕಾರಕವು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಬಟ್ಟೆಯಲ್ಲಿ ಹೀರಿಕೊಂಡ ಎಣ್ಣೆಯಂತೆ ಅದು ಒಳಗೆ ನಿಂತಿರುತ್ತದೆ, ಕಾಲಕಳೆದಂತೆ ಮೆಲ್ಲಗೆ ಮೇಲಕ್ಕೆ ಒಸರುತ್ತದೆ.

ಈ ಒಸರುವಿಕೆಯನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೋ ಪಡಿತರ ಚೀಟಿಗೋ ಹಾಕಿದ ಮೆದುವಾದ ಪಾರದರ್ಶಕ ಹೊದಿಕೆಯನ್ನು ಹತ್ತು ವರ್ಷಗಳ ನಂತರ ತೆಗೆದು ನೋಡಿದರೆ, ಕಾಗದದ ಮೇಲಿನ ಅಕ್ಷರಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದಿರುತ್ತವೆ, ನೆರಳಚ್ಚು ಪ್ರತಿಯಾದರೆ ಅರ್ಧ ಸಾಲೇ ಕಿತ್ತು ಹೊದಿಕೆಯ ಒಳಮೈಯಲ್ಲಿ ತಿರುಗುಮುರುಗಾಗಿ ಕೂತಿರುತ್ತದೆ, ಹೊದಿಕೆ ಬೆರಳಿಗೆ ಜಿಗುಟು ಜಿಗುಟಾಗಿ ಹತ್ತುತ್ತದೆ. ಹೊರಬಂದ ಮೆದುಕಾರಕವು ಶಾಯಿಯನ್ನು ಕರಗಿಸಿ ಎಳೆದುಕೊಂಡದ್ದರ ಫಲ ಇದು. ಅದೇ ಜಾತಿಯ ಹಾಳೆಯಲ್ಲಿ ಕಾಗದದ ಬದಲು ತಾಮ್ರದ ನಾಣ್ಯವಿದ್ದರೆ ಆ ಜಿಗುಟು ನೇರವಾಗಿ ಲೋಹದ ಮೈಗೆ ಹತ್ತುತ್ತದೆ.

ಜಿಗುಟಿನ ಜೊತೆಗೆ ಬರುವ ಇನ್ನೊಂದು ಕೇಡು ಮತ್ತೂ ದೊಡ್ಡದು. ಶುದ್ಧ ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 57 ಪಾಲು ಕ್ಲೋರಿನ್ ಇರುತ್ತದೆ. ಬಿಸಿಲು, ಸೆಕೆ, ಕಾಲ ಈ ಮೂರೂ ಸೇರಿ ಆ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಯನ್ನು ಸಡಿಲಿಸಿದಾಗ ಅದರಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಹೊರಬೀಳುತ್ತದೆ; ಅದು ಗಾಳಿಯ ತೇವದಲ್ಲಿ ಕರಗಿದರೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಹಾಗೆ ಹೊರಬಿದ್ದ ಅನಿಲವೇ ಪ್ಲಾಸ್ಟಿಕ್ಕಿನ ಮುಂದಿನ ಕುಸಿತವನ್ನು ಚುರುಕುಗೊಳಿಸುತ್ತದಾದ್ದರಿಂದ, ಕೆಡಲಾರಂಭಿಸಿದ ಹಾಳೆ ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನಷ್ಟು ಬೇಗ ಕೆಡುತ್ತದೆ. ತಯಾರಕರು ಇದನ್ನು ತಡೆಯಲು ಕೆಲವು ಸ್ಥಿರಕಾರಕಗಳನ್ನು ಸೇರಿಸುವುದುಂಟು. ಆದರೆ ಅವು ಕೇಡನ್ನು ಮುಂದೂಡುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮೆದುಕಾರಕದ ಜಿಗುಟುಪೊರೆ ನಾಣ್ಯದ ಮೇಲೆ ನಿಂತು ಈ ಆಮ್ಲವನ್ನೂ ತೇವವನ್ನೂ ಲೋಹಕ್ಕೆ ಒತ್ತಿ ಹಿಡಿಯುತ್ತದೆ. ಕೈಗೆ ಹಿತವಾದ ಮೆದುತನವೇ ಅಪಾಯದ ಮೊದಲ ಗುರುತು ಎಂಬುದನ್ನು ಇದರಿಂದ ತಿಳಿಯಬಹುದು.

ಈ ವಸ್ತುವಿನ ಚರಿತ್ರೆಯಲ್ಲಿ ನಾಣ್ಯಾಸಕ್ತರಿಗೆ ಕುತೂಹಲ ತರುವ ಒಂದು ಕಾಕತಾಳೀಯವಿದೆ. ಪಿವಿಸಿಗೆ ಮೂಲವಾದ ವಿನೈಲ್ ಕ್ಲೋರೈಡನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಹೆನ್ರಿ ವಿಕ್ಟರ್ ರೆನ್ಯೋ ಮೊದಲು ತಯಾರಿಸಿದ್ದು 1835ರಲ್ಲಿ; ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ಬಗೆಯ ನಾಣ್ಯಪದ್ಧತಿಯನ್ನು ತಂದು ನಾಲ್ಕನೆಯ ವಿಲಿಯಂನ ತಲೆಯಿರುವ ರೂಪಾಯಿಯನ್ನು ಟಂಕಿಸಿದ್ದೂ ಅದೇ ವರ್ಷದ ಹೆಸರಿನಲ್ಲಿ. ಜರ್ಮನಿಯ ಓಯ್ಗೆನ್ ಬೌಮನ್ ವಿನೈಲ್ ಕ್ಲೋರೈಡ್ ಬಿಸಿಲಿನಲ್ಲಿ ಬಿಳಿಯ ಘನವಸ್ತುವಾಗುವುದನ್ನು ವರದಿ ಮಾಡಿದ್ದು 1872ರಲ್ಲಿ. ಅದಕ್ಕೆ ದ್ರವ ಬೆರೆಸಿ ರಬ್ಬರಿನಂತೆ ಬಾಗುವ ಗುಣವನ್ನು ಅಮೆರಿಕದ ವಾಲ್ಡೊ ಸೆಮನ್ ಕೊಟ್ಟದ್ದು 1926ರ ಸುಮಾರಿಗೆ. ಮಳೆಯಂಗಿ, ಮೇಜುಹಾಸು, ಪರ್ಸು, ಆಮೇಲೆ ನಾಣ್ಯದ ಹಾಳೆ, ಎಲ್ಲವೂ ಆ ಬಳಿಕ ಬಂದವು.

ಯಾವ ಲೋಹಕ್ಕೆ ಎಷ್ಟು ಪೆಟ್ಟು ಎಂಬುದನ್ನು ಭಾರತದ ನಾಣ್ಯಗಳನ್ನೇ ಮುಂದಿಟ್ಟುಕೊಂಡು ನೋಡುವುದು ಉಚಿತ. ಅತಿಹೆಚ್ಚು ನೊಂದುಕೊಳ್ಳುವುದು ತಾಮ್ರ. ಟಿಪ್ಪು ಸುಲ್ತಾನನ ಆನೆಯ ಪೈಸೆಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಬರಹವಿರುವ ಮಯಿಲಿ ಕಾಸುಗಳು, ಕಂಪನಿಯ ಕಾಲಾಣೆಗಳು, 1957ರಲ್ಲಿ ದಶಮಾಂಶ ಪದ್ಧತಿ ಬಂದಾಗ ಹೊರಟ ಕಂಚಿನ ಒಂದು ನಯಾಪೈಸೆ, ಇವೆಲ್ಲ ಈ ಗುಂಪಿಗೆ ಸೇರಿದವು. ಮಯಿಲಿ ಕಾಸಿನ ಅಕ್ಷರಗಳು ಮೊದಲೇ ಸವೆದು ತೆಳುವಾಗಿರುತ್ತವೆ. ಆಮ್ಲ ಕೊರೆದ ಸಣ್ಣ ಗುಂಡಿಯೊಂದು ಒಂದು ಗುಣಿತಾಕ್ಷರದ ಕೊಂಬನ್ನೋ ದೀರ್ಘವನ್ನೋ ನುಂಗಿತೆಂದರೆ ಆ ನಾಣ್ಯದ ಓದು ಶಾಶ್ವತವಾಗಿ ಸಂದೇಹಕ್ಕೆ ಬೀಳುತ್ತದೆ. ನೂರಕ್ಕೆ 75 ಪಾಲು ತಾಮ್ರ, 25 ಪಾಲು ನಿಕಲ್ ಇರುವ ಮಿಶ್ರಲೋಹದ ನಾಣ್ಯಗಳು, ಅಂದರೆ ಅಂಚು ಅಲೆಯಲೆಯಾಗಿರುವ ಹಳೆಯ ಹತ್ತು ಪೈಸೆ, ಹನ್ನೊಂದು ಮೂಲೆಯ ಎರಡು ರೂಪಾಯಿ ಮುಂತಾದವು, ನೋಡಲು ಬೆಳ್ಳಗಿದ್ದರೂ ಒಳಗೆ ತಾಮ್ರದ ಮಕ್ಕಳೇ ಆದ್ದರಿಂದ ಅವುಗಳ ಮೇಲೂ ಹಸಿರು ಏಳುತ್ತದೆ.

ಬೆಳ್ಳಿಯ ರೂಪಾಯಿಗೆ ಭಯವಿಲ್ಲವೆಂಬ ನಂಬಿಕೆ ಅರ್ಧ ಸತ್ಯ. 1835ರಿಂದ ಟಂಕಿಸಿದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದ ಒಂದು ಪಾಲು ಬೆರಕೆ ಲೋಹ. ಹಸಿರಿಗೆ ಅಷ್ಟು ಬೆರಕೆಯ ತಾಮ್ರವೇ ಸಾಕು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ತಾಮ್ರವನ್ನು ನೂರಕ್ಕೆ 40ರಷ್ಟು ಸೇರಿಸಿದರು. ಆರನೆಯ ಜಾರ್ಜನ ಆ ನಾಣ್ಯಗಳು ಕೆಟ್ಟ ಹಾಳೆಯಲ್ಲಿ ವಿಕ್ಟೋರಿಯಾ ರೂಪಾಯಿಗಿಂತ ಬೇಗ ಮಂಕಾಗಿ ಹಸಿರು ತಾಳುವುದರ ಕಾರಣ ಅಲ್ಲಿದೆ. ಅಲ್ಯೂಮಿನಿಯಮ್ಮಿನ ಎರಡು, ಮೂರು, ಐದು ಪೈಸೆಗಳು ಹಸಿರಾಗುವುದಿಲ್ಲ. ಆದರೆ ಅವುಗಳನ್ನು ಕಾಯುವ ತೆಳುವಾದ ಆಕ್ಸೈಡ್ ಪೊರೆಯನ್ನು ಕ್ಲೋರೈಡ್ ತೂತುಮಾಡುವುದರಿಂದ ಬಿಳಿಯ ಪುಡಿಯೂ ಕುಳಿಗಳೂ ಏಳುತ್ತವೆ. ಅಪ್ಪಟ ಚಿನ್ನಕ್ಕೆ ಮಾತ್ರ ಈ ತೊಂದರೆ ಇಲ್ಲ.

ಕೇಡಿನ ಮೊದಲ ಹೆಜ್ಜೆ ಬರಿಗಣ್ಣಿಗೆ ಸಿಕ್ಕುವುದು ಕಷ್ಟ. ಭೂತಗನ್ನಡಿಯ ಕೆಳಗೆ ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳಪಿನ ಮೇಲೆ ಉಸಿರು ಬಿಟ್ಟಂಥ ಮಸುಕು, ಅಕ್ಷರಗಳ ಬುಡದಲ್ಲಿ ತಿಳಿಹಸಿರಿನ ಸಣ್ಣ ಗೆರೆ, ಉಬ್ಬುಚಿತ್ರದ ಸುತ್ತ ಎಣ್ಣೆಯಂಥ ಒದ್ದೆ ಮಿನುಗು ಕಾಣುತ್ತವೆ. ಹಾಳೆಯ ಒಳಮೈಯಲ್ಲೂ ನಾಣ್ಯದ ಆಕಾರದ ಒಂದು ಮಬ್ಬು ಉಂಗುರ ಮೂಡಿರುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಕಾಣುವ ಕಿಲುಬು ಒಣಗಿ ಪುಡಿಪುಡಿಯಾಗಿದ್ದರೆ, ಪಿವಿಸಿಯ ಹಸಿರು ತೊಡಗಿನಲ್ಲಿ ಮೇಣದಂತೆ ಜಿಗುಟಾಗಿ, ಬೆರಳಾಡಿಸಿದರೆ ಜಾರುವಂತೆ ಇರುತ್ತದೆ. ಈ ಹಂತದಲ್ಲಿ ನಾಣ್ಯವನ್ನು ಉಳಿಸಿಕೊಳ್ಳಬಹುದು. ಹಸಿರಿನ ಅಡಿಯಲ್ಲಿ ಕುಳಿ ಬಿದ್ದ ಮೇಲೆ ಯಾವ ಚಿಕಿತ್ಸೆಯೂ ಹೋದ ಲೋಹವನ್ನು ಮರಳಿ ತರುವುದಿಲ್ಲ.

ಹಾಗಾದರೆ ಅಂಗಡಿಯ ಹಾಳೆಯನ್ನು ಪರೀಕ್ಷಿಸುವುದು ಹೇಗೆ? ಮೂಗು ಮೊದಲನೆಯ ಸಾಧನ. ಹೊಸ ಮಳೆಯಂಗಿಯಲ್ಲೂ ಹೊಸ ಮೇಜುಹಾಸಿನಲ್ಲೂ ಬರುವ ಘಾಟು ವಾಸನೆ ಹಾಳೆಯಲ್ಲಿ ಬಂದರೆ ಅದನ್ನು ಅಲ್ಲಿಗೇ ಬಿಡುವುದು ಲೇಸು. ಎರಡನೆಯದು ಕೈ ಮತ್ತು ಕಿವಿ: ಹಾಳೆ ಸದ್ದಿಲ್ಲದೆ ಮಡಚಿಕೊಂಡರೆ, ಎಳೆದರೆ ಹಿಗ್ಗಿದರೆ ಸಂಶಯಪಡಬೇಕು, ಮಡಚುವಾಗ ಗರಗರ ಸದ್ದುಮಾಡುತ್ತ ಸೆಟೆದು ನಿಂತರೆ ಅದು ಪಾಲಿಯೆಸ್ಟರ್ ಆಗಿರುವ ಸಾಧ್ಯತೆ ಹೆಚ್ಚು. ಪೊಟ್ಟಣದ ಮೇಲೆ ವಿನೈಲ್ ಎಂಬ ಮಾತಿದ್ದರೆ ಅದು ಪಿವಿಸಿಯ ಇನ್ನೊಂದು ಹೆಸರೆಂದೇ ತಿಳಿಯಬೇಕು. ತ್ರಿಕೋನದೊಳಗೆ ಅಂಕಿ ಬರೆಯುವ ಪದ್ಧತಿ 1988ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಎಲ್ಲೆಡೆ ಹಬ್ಬಿದೆ. ಅದರಲ್ಲಿ 3 ಎಂದರೆ ಪಿವಿಸಿ, 1 ಎಂದರೆ ಪಾಲಿಯೆಸ್ಟರ್ ಜಾತಿ, 5 ಎಂದರೆ ಪಾಲಿಪ್ರೊಪಿಲೀನ್, 2 ಮತ್ತು 4 ಪಾಲಿಥೀನಿನ ಎರಡು ಬಗೆಗಳು. ನಾಣ್ಯದ ಹಾಳೆಗಳ ಮೇಲೆ ಈ ಅಂಕಿ ಇಲ್ಲದಿರುವುದೇ ಹೆಚ್ಚು. ದೀರ್ಘಬಾಳಿಕೆ, ಸಂಗ್ರಹಾಲಯ ದರ್ಜೆ ಎಂಬ ಹೊಗಳಿಕೆಗಳಿದ್ದು ವಸ್ತುವಿನ ಹೆಸರೇ ಇಲ್ಲದಿದ್ದರೆ ಆ ಹೊಗಳಿಕೆಗೆ ಬೆಲೆಯಿಲ್ಲ.

ಮನೆಯಲ್ಲಿ ಮಾಡಬಹುದಾದ ಒಂದು ಸುಲಭ ಪರೀಕ್ಷೆ ನೀರಿನದು. ಹಾಳೆಯ ಮೂಲೆಯಿಂದ ಉಗುರಿನಷ್ಟು ತುಂಡನ್ನು ಕತ್ತರಿಸಿ, ಒಂದು ಹನಿ ಸೋಪಿನ ನೀರು ಬೆರೆಸಿದ ಲೋಟದಲ್ಲಿ ಗಾಳಿಗುಳ್ಳೆ ಅಂಟದಂತೆ ಮುಳುಗಿಸಿ ಬಿಟ್ಟರೆ, ಪಾಲಿಪ್ರೊಪಿಲೀನೂ ಪಾಲಿಥೀನೂ ನೀರಿಗಿಂತ ಹಗುರವಾದ್ದರಿಂದ ಮೇಲೆದ್ದು ತೇಲುತ್ತವೆ, ಪಿವಿಸಿ ತಳ ಸೇರುತ್ತದೆ. ಆದರೆ ಉತ್ತಮ ವಸ್ತುವಾದ ಪಾಲಿಯೆಸ್ಟರೂ ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ; ಆದಕಾರಣ ತೇಲಿದ್ದನ್ನು ನಂಬಬಹುದು, ಮುಳುಗಿದ್ದಕ್ಕೆ ಇನ್ನೊಂದು ಪರೀಕ್ಷೆ ಬೇಕು. ಅದು ಬೈಲ್‌ಸ್ಟೈನ್ ಪರೀಕ್ಷೆ. ಫ್ರೀಡ್ರಿಖ್ ಬೈಲ್‌ಸ್ಟೈನ್ ಇದನ್ನು ಪ್ರಕಟಿಸಿದ್ದು 1872ರಲ್ಲಿ, ಬೌಮನ್ ಪಿವಿಸಿಯನ್ನು ವರದಿಮಾಡಿದ ವರ್ಷದಲ್ಲೇ. ರೋಗವೂ ಅದರ ಪರೀಕ್ಷೆಯೂ ಜೊತೆಯಲ್ಲೇ ಹುಟ್ಟಿದವು. ಚೊಕ್ಕಟವಾದ ತಾಮ್ರದ ತಂತಿಯ ತುದಿಯನ್ನು ಸ್ಪಿರಿಟ್ ದೀಪದ ಜ್ವಾಲೆಯಲ್ಲಿ, ಜ್ವಾಲೆಗೆ ಯಾವ ಬಣ್ಣವೂ ಬಾರದಷ್ಟು ಹೊತ್ತು ಕಾಯಿಸಿ, ಬಿಸಿಯಿರುವಾಗಲೇ ಹಾಳೆಯ ತುಂಡಿಗೆ ಮುಟ್ಟಿಸಿ, ಸ್ವಲ್ಪ ಪ್ಲಾಸ್ಟಿಕ್ ಅಂಟಿದ ಅದೇ ತುದಿಯನ್ನು ಮತ್ತೆ ಜ್ವಾಲೆಗೆ ಹಿಡಿದರೆ, ಕ್ಲೋರಿನ್ ಇದ್ದಲ್ಲಿ ಜ್ವಾಲೆ ಎದ್ದುಕಾಣುವ ಹಸಿರಾಗುತ್ತದೆ. ತಂತಿಗೆ ಬೆರಳಿನ ಬೆವರು ಹತ್ತಿದ್ದರೆ ಅದರ ಉಪ್ಪೇ ಹಸಿರು ತೋರಿಸಿ ದಾರಿ ತಪ್ಪಿಸುವುದರಿಂದ ಮೊದಲ ಕಾಯಿಸುವಿಕೆಯನ್ನು ಅವಸರದಲ್ಲಿ ಮುಗಿಸಬಾರದು. ಇದರ ಹೊಗೆ ವಿಷಕಾರಿಯಾದ್ದರಿಂದ ಅಡಿಗೆಮನೆಯ ಒಲೆಯ ಮೇಲೆ ಮಾಡದೆ ಬಯಲಿನಲ್ಲಿ, ಅಕ್ಕಿಕಾಳಿನಷ್ಟು ತುಣುಕಿನಲ್ಲಿ, ಮಕ್ಕಳನ್ನು ದೂರವಿರಿಸಿ ಮಾಡಬೇಕು.

ವಸ್ತುಸಂಗ್ರಹಾಲಯಗಳ ಕ್ರಮ ಇದಕ್ಕಿಂತ ತಾಳ್ಮೆಯದು. ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ 1973ರಲ್ಲಿ ಪ್ರಕಟಿಸಿದ ವಿಧಾನದ ಈಗಿನ ರೂಪದಲ್ಲಿ ಬೆಳ್ಳಿ, ತಾಮ್ರ, ಸೀಸ ಈ ಮೂರರ ಉಜ್ಜಿದ ಪಟ್ಟಿಗಳನ್ನು ಪರೀಕ್ಷಿಸಬೇಕಾದ ವಸ್ತುವಿನ ಜೊತೆಗೆ, ಸ್ವಲ್ಪ ನೀರಿನೊಡನೆ, ಗಾಜಿನ ಪಾತ್ರೆಯಲ್ಲಿ ಮುಚ್ಚಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಟ್ಟು, ಲೋಹಗಳ ಮೈ ಹೇಗೆ ಬದಲಾಯಿತೆಂದು ನೋಡುತ್ತಾರೆ. ಸಾಮಾನ್ಯ ಸಂಗ್ರಾಹಕನಿಗೆ ಇಷ್ಟು ಶಾಖವನ್ನು ಹಿಡಿದಿಡುವ ಅನುಕೂಲ ಇಲ್ಲದಿದ್ದರೂ, ಹೊಸ ಹಾಳೆಯ ಜೇಬಿನಲ್ಲಿ ಉಜ್ಜಿ ಹೊಳೆಯಿಸಿದ ತಾಮ್ರದ ತಗಡಿನ ತುಂಡೊಂದನ್ನು ಒಂದು ಮಳೆಗಾಲ ಪೂರ್ತಿ ಬಿಟ್ಟು ನೋಡುವುದು, ನಾಣ್ಯವನ್ನೇ ಪಣಕ್ಕಿಡುವುದಕ್ಕಿಂತ ಎಷ್ಟೋ ವಿವೇಕದ ಕೆಲಸ.

ಆರಿಸಬೇಕಾದ ವಸ್ತುಗಳಲ್ಲಿ ಮೊದಲ ಸ್ಥಾನ ಪಾಲಿಯೆಸ್ಟರಿನದು. ಉಡುಪಿನ ಬಟ್ಟೆಗೆ ಬಳಸುವ ವಸ್ತುವೇ ತೆಳುವಾದ ಪದರವಾಗಿ, ಎರಡು ದಿಕ್ಕಿಗೂ ಎಳೆದು ಬಿಗಿಗೊಂಡಾಗ ಗಾಜಿನಂತೆ ತಿಳಿಯಾದ ಹಾಳೆಯಾಗುತ್ತದೆ. ಮೈಲಾರ್, ಮೆಲಿನೆಕ್ಸ್ ಎಂಬವು ಇದರ ವ್ಯಾಪಾರಿ ಹೆಸರುಗಳು. ಇದರ ಮೂಲವಸ್ತುವನ್ನು ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು 1941ರಲ್ಲಿ ಕಂಡುಹಿಡಿದರು. ಇದಕ್ಕೆ ಮೆದುಕಾರಕ ಬೇಕಿಲ್ಲ, ಇದರಲ್ಲಿ ಕ್ಲೋರಿನ್ ಇಲ್ಲ, ದಶಕಗಳ ಕಾಲ ಬಣ್ಣಗೆಡದೆ ನಿಲ್ಲುತ್ತದೆ. ಗ್ರಂಥಾಲಯಗಳು ಹಳೆಯ ದಾಖಲೆಗಳನ್ನು ಎರಡು ಪದರಗಳ ನಡುವೆ ಇಟ್ಟು ಕಾಪಾಡಲು ಇದನ್ನೇ ನೆಚ್ಚಿಕೊಂಡಿವೆ. ದೋಷವೆಂದರೆ ಅದರ ಗಡುಸುತನ. ಅಂಚು ಚೂಪಾಗಿರುವುದರಿಂದ ನಾಣ್ಯವನ್ನು ಜೇಬಿಗೆ ಒತ್ತಿ ಜಾರಿಸಿದರೆ ಎತ್ತರದ ಭಾಗಗಳ ಮೇಲೆ ಕೂದಲಿನಂಥ ಗೀರುಗಳು ಬೀಳುತ್ತವೆ. ಜೇಬಿನ ಬಾಯನ್ನು ಸ್ವಲ್ಪ ಅಗಲಿಸಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಮೇಲ್ಮೈ ತಾಗದಂತೆ ಇಳಿಸುವ ಅಭ್ಯಾಸ ಬೇಕು. ರಟ್ಟಿನ ಚೌಕಟ್ಟಿನ ನಡುವಿನ ಕಿಟಕಿಗೂ ಪಾಲಿಯೆಸ್ಟರನ್ನೇ ಬಳಸಿರುತ್ತಾರೆ. ಅಲ್ಲಿ ಸ್ಟೇಪಲ್ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡದಿದ್ದರೆ ಅವು ಪಕ್ಕದ ನಾಣ್ಯವನ್ನು ಗೀರುತ್ತವೆ.

ಪಾಲಿಪ್ರೊಪಿಲೀನ್ ಎರಡನೆಯದಾದರೂ ಹೆಚ್ಚಿನವರಿಗೆ ಕೈಗೆಟುಕುವುದು ಅದೇ. ತುಸು ಮಂಜುಮಂಜಾಗಿ ಕಂಡರೂ ಅದು ಮೆದುಕಾರಕವಿಲ್ಲದೆಯೇ ಬಾಗುತ್ತದೆ, ಹರಿಯದೆ ಬಾಳುತ್ತದೆ. ರಟ್ಟಿನ ಚೌಕಟ್ಟಿನಲ್ಲಿ ಭದ್ರವಾದ ನಾಣ್ಯಗಳಿಗೆ ಹೊರಹಾಳೆಯಾಗಿ ಇದಕ್ಕಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ. ಪಾಲಿಥೀನ್ ಚೀಲಗಳು ಕೆಲಕಾಲದ ಬಳಕೆಗೆ ಸಾಕು. ಬಿಡಿ ನಾಣ್ಯಕ್ಕೆ ಅಕ್ರಿಲಿಕ್ಕಿನ ಗಡುಸು ಡಬ್ಬಿಗಳೂ ನಿರಪಾಯಕರ.

ಹಾಳೆ ಒಳ್ಳೆಯದಾದ ಮಾತ್ರಕ್ಕೆ ಜೇಬಿನ ಅಳತೆಯನ್ನು ಮರೆಯಬಾರದು. ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಹೊರಡಿಸಿದ ಚಿನ್ನದ ಹಣ ಅರ್ಧ ಗ್ರಾಮಿಗಿಂತ ಹಗುರ, ಅದರ ಅಗಲ ಐದಾರು ಮಿಲಿಮೀಟರ್ ಮಾತ್ರ. ಅದು ಮೂವತ್ತು ಮಿಲಿಮೀಟರಿನ ರೂಪಾಯಿಯ ಜೇಬಿನಲ್ಲಿ ಕೂತರೆ ಪುಟ ತಿರುವಿದಾಗಲೆಲ್ಲ ಉರುಳಾಡುತ್ತದೆ, ಬೆಸುಗೆ ಬಿಟ್ಟ ಸಂದಿಯಲ್ಲಿ ಜಾರಿ ನೆಲ ಸೇರಿದರೆ ಸಿಕ್ಕುವುದೂ ದುರ್ಲಭ. ಇಂಥವಕ್ಕೆ ಚಿಕ್ಕ ಕಿಟಕಿಯ ಚೌಕಟ್ಟೇ ಸರಿ. ಅದೇ ರೀತಿ ಉತ್ತಮವಾದ ಹಾಳೆಗಳನ್ನು ರೆಕ್ಸಿನ್ ಹೊದಿಕೆಯ ಆಲ್ಬಮ್ಮಿಗೆ ಸಿಕ್ಕಿಸುವುದು ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ, ಏಕೆಂದರೆ ಅಂಥ ಹೊದಿಕೆಗಳ ಮೇಲ್ಪದರ ಹಲವು ಸಲ ಪಿವಿಸಿಯೇ ಆಗಿರುತ್ತದೆ, ಮತ್ತು ಅನಿಲಕ್ಕೆ ನಾಣ್ಯವನ್ನು ಮುಟ್ಟಲು ನೇರ ಸ್ಪರ್ಶ ಬೇಕಿಲ್ಲ.

ಯಾವ ಪ್ಲಾಸ್ಟಿಕ್ಕೂ ಗಾಳಿಯನ್ನೂ ತೇವವನ್ನೂ ಪೂರ್ತಿ ತಡೆಯುವುದಿಲ್ಲವಾದ್ದರಿಂದ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಾಳೆಯ ಆಯ್ಕೆಯಷ್ಟೇ ಅದನ್ನು ಇಡುವ ಜಾಗವೂ ಮುಖ್ಯವಾಗುತ್ತದೆ. ಗಾಳಿ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಎಂಬ ತೇವಹೀರುವ ಹರಳುಗಳ ಪೊಟ್ಟಣವನ್ನು ನಾಣ್ಯಕ್ಕೆ ತಾಗದಂತೆ ಇರಿಸಿ, ಹರಳು ಬಣ್ಣ ಬದಲಿಸಿದಾಗ ಕಾಯಿಸಿ ಮತ್ತೆ ಬಳಸಬಹುದು. ಹಲವು ಬಗೆಯ ಮರಗಳೂ ಪ್ಲೈವುಡ್ಡೂ ಸಾವಯವ ಆಮ್ಲಗಳ ಆವಿಯನ್ನು ಬಿಡುತ್ತವೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಂಥ ಕಡೆ ದೊರೆತಂಥ ಸಾತವಾಹನರ ಕಾಲದ ಸೀಸದ ನಾಣ್ಯಗಳು ಆ ಆವಿಗೆ ಬಿಳಿಪುಡಿಯಾಗಿ ಉದುರಿಹೋಗಬಲ್ಲವು. ಆದ್ದರಿಂದ ಮರದ ಸಂದೂಕಕ್ಕಿಂತ ಉಕ್ಕಿನ ಬೀರು ವಾಸಿ. ರಬ್ಬರ್ ಬ್ಯಾಂಡನ್ನು ಸಂಗ್ರಹದ ಹತ್ತಿರವೂ ಸುಳಿಯಗೊಡಬಾರದು. ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಈಗಾಗಲೇ ಹಸಿರು ಹಿಡಿದ ನಾಣ್ಯವನ್ನು ಕಂಡೊಡನೆ ಕನ್ನಡದ ಮನೆಗಳಲ್ಲಿ ಕೈ ಹೋಗುವುದು ಹುಣಸೆಹಣ್ಣಿಗೆ, ಬೆಳ್ಳಿಯಾದರೆ ವಿಭೂತಿಗೆ. ದೇವರ ಮನೆಯ ಪಾತ್ರೆಗೆ ಒಪ್ಪುವ ಈ ಎರಡೂ ನಾಣ್ಯಕ್ಕೆ ಒಪ್ಪುವುದಿಲ್ಲ. ಹುಣಸೆಯ ಹುಳಿ ಕಿಲುಬಿನೊಡನೆ ಕಾಲ ಕೊಟ್ಟ ಬಣ್ಣವನ್ನೂ ಲೋಹದ ಮೇಲ್ಪದರವನ್ನೂ ಕರಗಿಸುತ್ತದೆ, ವಿಭೂತಿ ಸಣ್ಣ ಮರಳಿನಂತೆ ಉಜ್ಜಿ ಗೀರುತ್ತದೆ. ಉಜ್ಜಿ ಬೆಳಗಿದ ರೂಪಾಯಿಯ ಕೃತಕ ಹೊಳಪನ್ನು ಬಲ್ಲವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಪಿವಿಸಿಯ ಜಿಗುಟನ್ನು ತೆಗೆಯಲು ಸರಿಯಾದುದು ಶುದ್ಧ ಅಸಿಟೋನ್. ಉಗುರುಬಣ್ಣ ಅಳಿಸಲು ಮಾರುವ ದ್ರವದಲ್ಲಿ ಎಣ್ಣೆ, ಬಣ್ಣ, ಸುಗಂಧ ಬೆರೆತಿರುವುದರಿಂದ ಅದು ಬೇಡ. ಗಾಜಿನ ಬಟ್ಟಲಿನಲ್ಲಿ ನಾಣ್ಯ ಮುಳುಗುವಷ್ಟು ಅಸಿಟೋನ್ ಸುರಿದು, ಆವಿಯಾಗದಂತೆ ಮೇಲೆ ಗಾಜನ್ನು ಮುಚ್ಚಿ, ಕೆಲವು ನಿಮಿಷ ಬಿಟ್ಟು, ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಅದ್ದಿ ತೆಗೆದು ತಾನೇ ಆರಲು ಬಿಡಬೇಕು. ಉಜ್ಜುವುದಾಗಲಿ ಒರೆಸುವುದಾಗಲಿ ಕೂಡದು. ಅದು ಥಟ್ಟನೆ ಉರಿ ಹತ್ತುವ ದ್ರವವಾದ್ದರಿಂದ ಕಿಟಕಿ ತೆರೆದ ಕೋಣೆಯಲ್ಲಿ, ದೀಪ, ಊದಿನಕಡ್ಡಿ, ಒಲೆ ಯಾವುದೂ ಹತ್ತಿರವಿಲ್ಲದಂತೆ ಈ ಕೆಲಸ ನಡೆಯಬೇಕು. ಅಕ್ರಿಲಿಕ್ ಮುಂತಾದ ಪ್ಲಾಸ್ಟಿಕ್ ಡಬ್ಬಿಗಳನ್ನು ಅಸಿಟೋನ್ ಕರಗಿಸುವುದರಿಂದ ನಾಣ್ಯ ಚೆನ್ನಾಗಿ ಆರಿದ ಮೇಲೆಯೇ ಹೊಸ ಮನೆಗೆ ಹೋಗಬೇಕು.

ಹಳೆಯ ಹಾಳೆಗಳಿಂದ ನಾಣ್ಯಗಳನ್ನು ವರ್ಗಾಯಿಸುವಾಗ ಜೇಬಿನಲ್ಲಿರುವ ಚೀಟಿಯ ಕಡೆಗೂ ಗಮನವಿರಬೇಕು. ಮೆದುಕಾರಕವನ್ನು ಕುಡಿದ ಆ ಕಾಗದವನ್ನು ನಾಣ್ಯದೊಡನೆ ಹೊಸ ಜೇಬಿಗೆ ಹಾಕಿದರೆ ಕೇಡೂ ಜೊತೆಗೇ ಬರುತ್ತದೆ. ಎಸೆದುಬಿಟ್ಟರೆ ಆ ಕಾಸು ಯಾವ ಊರಿನ ಯಾವ ಹೊಲದಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು, ಎಷ್ಟು ತೂಗಿತು ಎಂಬ, ಬೇರೆಲ್ಲೂ ಬರೆದಿಡದ ವಿವರವೂ ಹೋಗುತ್ತದೆ. ಶಾಯಿ ಪ್ಲಾಸ್ಟಿಕ್ಕಿಗೆ ಇಳಿದು ಮಾಸಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು, ಅದರ ಒಳಮೈಯಲ್ಲಿ ಕನ್ನಡಿಯ ಬಿಂಬದಂತೆ ಉಳಿದ ಅಕ್ಷರಗಳನ್ನು ತಿರುಗಿಸಿ ಓದಿಯಾದರೂ, ಆ ಮಾತುಗಳನ್ನು ಆಮ್ಲರಹಿತ ಕಾಗದದ ಮೇಲೆ ಪೆನ್ಸಿಲಿನಿಂದ ನಕಲು ಮಾಡಿ, ಹಾಳೆಯನ್ನು ಆಮೇಲೆ ಹೊರಗೆ ಹಾಕಬೇಕು.